ಜಯಮ್ಮನಿಗೆ ಕಂಡ ಪರದೆ

ವಿವರಣೆಗೆ ಸಿಗದ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಕಾರಣವಿಲ್ಲದೆ ಯಾವುದೂ ಕೆಡುವುದಿಲ್ಲ ಎಂದು ನಂಬಿದವನು. ಈಗಲೂ ಹಾಗೆಯೇ ನಂಬುತ್ತೇನೆ, ಬೆಂಗಳೂರಿನ ಪೀಣ್ಯದ ಆ ಒಂದು ಮಧ್ಯಾಹ್ನವನ್ನು ಬಿಟ್ಟು.

ಎಂಬತ್ತರ ದಶಕದ ಕೊನೆಯ ದಿನಗಳು. ನಟ್ಟು ಬೋಲ್ಟು ಮಾಡುವ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರಿನ ಪರದೆ ವಾರದಿಂದ ಮಂಕಾಗುತ್ತಾ ಬಂದಿದೆಯೆಂದು ನನ್ನನ್ನು ಕರೆಸಿದ್ದರು. ಅದರಲ್ಲಿ ಕೆಲಸ ಮಾಡುತ್ತಿದ್ದವರು ಮಾದನಾಯಕನಹಳ್ಳಿಯ ಜಯಮ್ಮ. ಪ್ಯಾಕಿಂಗ್ ವಿಭಾಗದಲ್ಲಿ ದುಡಿಯುತ್ತಲೇ ಸಂಜೆ ಟೈಪಿಂಗ್ ಕಲಿತು ಆ ಕುರ್ಚಿಗೆ ಬಂದಿದ್ದರು. ಮ್ಯಾನೇಜರಿಗೆ ಅದು ಹಿಡಿಸಿರಲಿಲ್ಲ.

"ಈಯಮ್ಮ ಕೂತ್ಮೇಲೇ ಹಿಂಗಾಗಿದ್ದು ಕಣ್ರೀ. ಇವತ್ತು ಸರಿಹೋಗ್ಲಿಲ್ಲ ಅಂದ್ರೆ ವಾಪಸ್ ಪ್ಯಾಕಿಂಗೇ," ಎಂದು ಅವರೆದುರೇ ಹೇಳಿ ಹೋದರು. ಜಯಮ್ಮ ಸೆರಗಿನಿಂದ ಕೀಬೋರ್ಡ್ ಒರೆಸತೊಡಗಿದರು.

ಮಾನಿಟರ್ ಬಿಚ್ಚಿದೆ. ಬ್ರೈಟ್‌ನೆಸ್ ಕಂಟ್ರೋಲ್ ಸವೆದಿತ್ತು. ಹೊಸದು ಹಾಕಿ, ಮುಚ್ಚಿ, ಸ್ವಿಚ್ ಒತ್ತಿದೆ. ಪರದೆ ಪೂರ್ತಿ ಕಪ್ಪು. ಕಿಟಕಿ ಮುಚ್ಚಿ ನೋಡಿದೆ, ಒಂದು ಚುಕ್ಕೆಯೂ ಇಲ್ಲ.

ಅಷ್ಟರಲ್ಲಿ ಜಯಮ್ಮ ಎದುರು ಬಂದು ಕುಳಿತು, "ಚೆಂದಾಗ್ ಕಾಣ್ತೈತೆ ಸಾರ್," ಎಂದು ಟೈಪ್ ಮಾಡತೊಡಗಿದರು.

ಕೆಲಸ ಹೋಗುವ ಭಯಕ್ಕೆ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. ಅವರನ್ನು ಹೊರಗೆ ನಿಲ್ಲಿಸಿ, ನಮ್ಮ ಮನೆಯ ಮುದಿ ನಾಯಿಯ ಹೆಸರನ್ನೂ ಮನಸ್ಸಿಗೆ ಬಂದ ಒಂದು ಸಂಖ್ಯೆಯನ್ನೂ ಒತ್ತಿ ಒಳಗೆ ಕರೆದೆ.

"ಸುಬೇದಾರ. ಯಾರ್ ಸಾರ್ ಇವ್ರು?" ಎಂದು ಸಂಖ್ಯೆಯನ್ನೂ ಓದಿದರು. "ಏಳು ಎರಡ್ ಸಲ ಬಿದ್ದೈತೆ ನೋಡಿ."

ನಾನು ಒತ್ತಿದ್ದು ಒಂದೇ ಏಳು. ಪ್ರಿಂಟ್ ತೆಗೆದೆ. ಕಾಗದದಲ್ಲಿ ಎರಡಿದ್ದವು.

ಮಾನಿಟರಿನ ಹಿಂಬದಿಗೆ ಬಗ್ಗಿ ನೋಡಿದರೆ, ಬಿಚ್ಚುವಾಗ ನಾನೇ ಕಳಚಿಟ್ಟ ಅದರ ಕೇಬಲ್ಲು ಮೇಜಿನ ಮೇಲೆ ಬಿದ್ದಿತ್ತು. ಕಂಪ್ಯೂಟರಿನಿಂದ ಪರದೆಗೆ ಒಂದು ಅಕ್ಷರವೂ ಹೋಗುವ ದಾರಿಯೇ ಇರಲಿಲ್ಲ.

ಕೇಬಲ್ಲು ಸಿಕ್ಕಿಸಿದೆ. ಹಸಿರು ಅಕ್ಷರಗಳು ಫಳ್ಳನೆ ಮೂಡಿದವು. ಮ್ಯಾನೇಜರ್ ಬಂದು ಪರದೆಯನ್ನೂ ನಾನು ತೋರಿಸಿದ ಸವೆದ ಕಂಟ್ರೋಲನ್ನೂ ನೋಡಿ, "ಹಂಗಾದ್ರೆ ಈಯಮ್ಮಂದೇನೂ ತಪ್ಪಿಲ್ಲ ಬಿಡಿ," ಎಂದು ಮೂವರಿಗೂ ಟೀ ಹೇಳಿದರು. ಜಯಮ್ಮನ ಕುರ್ಚಿ ಉಳಿಯಿತು. ಆ ದಿನದ ಟೀಯಷ್ಟು ರುಚಿಯಾದದ್ದನ್ನು ನಾನು ಪೀಣ್ಯದಲ್ಲಿ ಮತ್ತೆ ಕುಡಿದಿಲ್ಲ.

ಹೊರಡುವಾಗ ಜಯಮ್ಮ ಪರದೆಯತ್ತ ಕಣ್ಣು ಕಿರಿದು ಮಾಡಿ, ನನಗೆ ಬೇಸರವಾಗದಂತೆ ಮೆಲ್ಲಗೆ ಕೇಳಿದರು: "ಆಗಿನ್ಕಿಂತ ಈಗ್ಲೇ ಒಸಿ ಮಂಕಾಯ್ತಲ್ವಾ ಸಾರ್?"