ಅಮ್ಮ ಬಿಚ್ಚಿದ ಬಾವುಟಗಳು

ಗಂಜಿ ಹಾಕಿದ ಹತ್ತಿ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಓಡಿದಾಗ ಏಳುವ ವಾಸನೆ ನಿಮಗೂ ಗೊತ್ತಿರಬೇಕು. ಮೊನ್ನೆ ಫೋರ್ಟ್ ಲೀಯ ಡ್ರೈಕ್ಲೀನರ್ ಅಂಗಡಿಯಲ್ಲಿ ಒಗೆಯಲು ಕೊಟ್ಟಿದ್ದ ಕೋಟು ತೆಗೆದುಕೊಳ್ಳಲು ಕಾಯುತ್ತಿದ್ದಾಗ ಒಳಗಿನಿಂದ ಆ ವಾಸನೆ ಬಂತು. ಆಮೇಲೆ ಕಾರಿನಲ್ಲಿ ಕೂತವಳಿಗೆ ಸ್ಟಾರ್ಟ್ ಮಾಡಲು ಮನಸ್ಸು ಬರಲಿಲ್ಲ. ಹೋಬೋಕನ್ನಿನ ನಮ್ಮ ಬಾಡಿಗೆ ಮನೆ, ನದಿಯ ಕಡೆಗಿನ ಕಿಟಕಿ, ಅದರ ಪಕ್ಕ ಹೊಲಿಗೆ ಮೆಷಿನ್ನಿಗೆ ಬಗ್ಗಿ ಕೂತ ಅಮ್ಮ, ಎಲ್ಲ ಒಟ್ಟಿಗೆ ಬಂದುಬಿಟ್ಟವು.

ಅಪ್ಪ ಮೈಸೂರಿನವರು, ಈ ದೇಶಕ್ಕೆ ಬಂದು ಇಲ್ಲಿಯ ಕಾಲೇಜೊಂದರಲ್ಲಿ ಇತಿಹಾಸದ ಪಾಠ ಹೇಳುತ್ತಿದ್ದರು. ಅವರು ಪುಸ್ತಕ ಬರೆಯಲು ಹೊರಟಿದ್ದು ಫ್ರೆಂಚರ ಹಳೆಯ ಹಡಗು ಕಂಪನಿಯೊಂದರ ಮೇಲೆ. ಸಮುದ್ರವನ್ನೇ ಕಾಣದೆ ಬೆಳೆದ ಮನುಷ್ಯನಿಗೆ ಅದೇಕೆ ಹಿಡಿಯಿತೋ ಗೊತ್ತಿಲ್ಲ. ಮಾರ್ಸೇಲ್ ಬಂದರಿನಿಂದ ಹೊರಟು ಪಾಂಡಿಚೇರಿ, ಸೈಗಾನ್ ಮುಟ್ಟಿ, ಅಲ್ಲಿಂದಾಚೆ ದ್ವೀಪಗಳಿಗೂ ಹೋಗುತ್ತಿದ್ದ ಹಡಗುಗಳು. ದೇಶದ ಬಾವುಟ ಬೇರೆ, ಕಂಪನಿಯ ಬಾವುಟ ಬೇರೆ ಎಂದು ನನಗೆ ಗೊತ್ತಾದದ್ದು ಅವರಿಂದ. ಕಂಪನಿ ಇನ್ನೊಂದು ಕಂಪನಿಯನ್ನು ನುಂಗಿದಾಗ ಬಾವುಟಕ್ಕೆ ನೀಲಿ ಅಂಚು ಸೇರಿತು, ಮಾಲೀಕರು ಬದಲಾದಾಗ ನಡುವಿನ ಕೆಂಪು ಚುಕ್ಕೆ ನಕ್ಷತ್ರವಾಯಿತು, ವಸಾಹತುಗಳು ಕೈತಪ್ಪಿದ ಮೇಲೆ ಕಂಪನಿಯೂ ಇಲ್ಲ, ಬಾವುಟವೂ ಇಲ್ಲ. ಅಪ್ಪ ಅದನ್ನೆಲ್ಲ ಕಾಗದದಲ್ಲಿ ಬರೆದುಕೊಟ್ಟರೆ ಅಮ್ಮ ಬಟ್ಟೆ ತಂದು ಕತ್ತರಿಸಿ ಹೊಲಿಯುತ್ತಿದ್ದಳು. ನೆಂಟರಿಲ್ಲದ ಊರು, ಹಿಮ ಬಿದ್ದರೆ ಹೊರಗೆ ಕಾಲಿಡುವಂತಿಲ್ಲ. ಭಾನುವಾರ ಮಧ್ಯಾಹ್ನ ಹುಳಿಯನ್ನದ ಊಟ ಮುಗಿಸಿ ಇಬ್ಬರೂ ಆ ಕೆಲಸಕ್ಕೆ ಕೂತರೆ ಮನೆ ತುಂಬಿದಂತಿರುತ್ತಿತ್ತು. ನಕ್ಷತ್ರದ ಮೂಲೆ ಸೊಟ್ಟಗಾಯಿತೆಂದು ಅಪ್ಪ, ಕನ್ನಡಕ ಬದಲಾಯಿಸಿಕೊಳ್ಳಿ ಎಂದು ಅಮ್ಮ. ಅವರಿಬ್ಬರೂ ನಗುತ್ತಿದ್ದದ್ದು ನಾನು ನೋಡಿದ್ದು ಹೆಚ್ಚಾಗಿ ಆ ಹೊತ್ತಿನಲ್ಲೇ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಾವುಟಗಳು ನಡುಮನೆಯ ಗೋಡೆಯಿಂದ ಗೋಡೆಗೆ ಹಗ್ಗದ ಮೇಲೆ ತೂಗುತ್ತಿದ್ದವು.

ಕೆಳಗಿನ ಮನೆಯಲ್ಲಿ ಲಾಮ್ ಎಂಬ ವಿಯೆಟ್ನಾಮಿನ ಮುದುಕರಿದ್ದರು. ಹೆಂಡತಿ ತೀರಿಹೋಗಿದ್ದಳು, ಮಗಳು ದೂರದಲ್ಲಿದ್ದಳು. ನನಗೆ ಅವರೂ ಅಂಕಲ್ಲೇ. ಒಂದು ಬೇಸಗೆ ನಮ್ಮ ಅಡುಗೆಮನೆಯ ನಲ್ಲಿ ಸೋರಿ ಅವರ ಚಾವಣಿ ನೆನೆದಾಗ ಹೇಳಲೆಂದು ಮೇಲೆ ಬಂದರು. ನಡುಮನೆಯೊಳಗೆ ಹೆಜ್ಜೆಯಿಟ್ಟವರು ನಲ್ಲಿಯ ಮಾತನ್ನೇ ಮರೆತು, ಕೆಂಪು ಚುಕ್ಕೆಯ ಬಾವುಟದ ಕೆಳಗೆ ನಿಂತುಬಿಟ್ಟರು. ಅಪ್ಪನಿಗೆ ಖುಷಿಯೋ ಖುಷಿ, ಗುರುತು ಹಿಡಿಯುವವರು ಸಿಕ್ಕರಲ್ಲ ಎಂದು. ಕುರ್ಚಿ ಎಳೆದರು, ಅಮ್ಮ ಕಾಫಿ ತಂದಳು.

ಲಾಮ್ ಅಂಕಲ್ ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಹೇಳಿದ್ದಿಷ್ಟು. ಅವರಪ್ಪ ಅಮ್ಮ ಮಕ್ಕಳನ್ನು ಕರೆದುಕೊಂಡು ಕರಾರಿನ ಕೂಲಿಗಳಾಗಿ ದ್ವೀಪವೊಂದರ ಗಣಿಗೆ ಹೊರಟಿದ್ದು ಆ ಕಂಪನಿಯ ಹಡಗಿನಲ್ಲಿ. ಕೂಲಿಗಳಿಗೆ ಜಾಗ ಸರಕು ತುಂಬುವ ತಳದಲ್ಲಿ. ಮೊಲೆಹಾಲು ಕುಡಿಯುವ ತಂಗಿಯೊಬ್ಬಳಿದ್ದಳು, ದಾರಿಯಲ್ಲಿ ಜ್ವರ ಬಂದು ಹೋದಳು. ಮಗುವನ್ನು ಗೋಣಿಬಟ್ಟೆಯಲ್ಲಿ ಸುತ್ತಿ ಮೇಲಕ್ಕೆ ತಂದರು.

"ನೀರಿನ ಕಡೆ ನೋಡಬೇಡ, ಮೇಲೆ ನೋಡು ಅಂದಳು ಅಮ್ಮ. ಮೇಲೆ ಇದಿತ್ತು," ಎಂದರು.

ಆಮೇಲೆ ಅವರು ನಲ್ಲಿಯ ವಿಷಯ ಹೇಳಿ, ಕಾಫಿಗೆ ಥ್ಯಾಂಕ್ಸ್ ಹೇಳಿ ಇಳಿದುಹೋದರು.

ಅಪ್ಪ ಹಗ್ಗ ಬಿಚ್ಚಿದರು. ಮುಂದಿನ ತಿಂಗಳುಗಳಲ್ಲಿ ಆ ಹಡಗುಗಳ ಕೂಲಿಗಳ ಬಗ್ಗೆ ಬರೆಯುತ್ತೇನೆಂದು ಲೈಬ್ರರಿಗಳನ್ನು ಸುತ್ತಿದರು, ಬರೆದರು, ಹರಿದರು. ಕೆಳಗೆ ಹೋಗಿ ಕೇಳಿದರೆ ಲಾಮ್ ಅಂಕಲ್ ಬೇಡವೆಂದು ತಲೆಯಾಡಿಸುತ್ತಿದ್ದರಂತೆ, ಹೇಳಬೇಕಾದದ್ದನ್ನು ಹೇಳಿದ್ದೇನೆ ಎಂದು. ಆಮೇಲೆ ಅವರು ನಮ್ಮ ಮೆಟ್ಟಿಲು ಹತ್ತಲಿಲ್ಲ. ನಮ್ಮ ಮನೆಯ ನೆಮ್ಮದಿ ತಮ್ಮಿಂದ ಕೆಟ್ಟಿತು ಅಂದುಕೊಂಡರೋ ಏನೋ. ಚಳಿಗಾಲದಲ್ಲಿ ಅವರ ಮಗಳು ಬಂದು ಕರೆದುಕೊಂಡು ಹೋದಳು, ವರ್ಷ ತುಂಬುವುದರೊಳಗೆ ಅವರು ತೀರಿಕೊಂಡ ಸುದ್ದಿ ಬಂತು.

ಅವತ್ತೇ ಅಮ್ಮ ಬಾವುಟಗಳನ್ನು ತೊಡೆಯ ಮೇಲೆ ಹಾಕಿಕೊಂಡು ಹೊಲಿಗೆ ಬಿಚ್ಚಲು ಕೂತಳು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇಷ್ಟು ವರ್ಷ ನನ್ನ ಕೈಲಿ ಏನನ್ನ ಹೊಲಿಸಿದಿರಿ ರೀ?" ಎಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು.

ಆಮೇಲಿನ ಭಾನುವಾರಗಳಲ್ಲಿ ಅಪ್ಪ ತಮ್ಮ ಕೋಣೆಯಲ್ಲಿ, ಅವಳು ಅಡುಗೆಮನೆಯಲ್ಲಿ, ನಾನು ಇಬ್ಬರ ನಡುವೆ ಟಿವಿಯ ಮುಂದೆ. ಜಗಳವಿಲ್ಲ, ಮಾತೂ ಇಲ್ಲ. ನಿಜ ಗೊತ್ತಾದರೆ ಮನುಷ್ಯರು ದೊಡ್ಡವರಾಗುತ್ತಾರೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಯಾರೂ ದೊಡ್ಡವರಾಗಲಿಲ್ಲ, ಆ ಮಗುವಿಗೂ ಅದರಿಂದ ಏನೂ ಸಿಗಲಿಲ್ಲ, ಅದು ನೀರಿನಲ್ಲೇ ಉಳಿಯಿತು. ಅಮ್ಮ ಹೊಲಿಗೆ ಮೆಷಿನ್ ಯಾರಿಗೋ ಕೊಟ್ಟುಬಿಟ್ಟಳು. ನಾನು ಕಾಲೇಜಿನಲ್ಲಿದ್ದಾಗ ಅವಳು ತೀರಿಹೋದಳು.

ಅಪ್ಪ ಕೊನೆಗಾಲದಲ್ಲಿ ಫೋರ್ಟ್ ಲೀಯ ನನ್ನ ಮನೆಯಲ್ಲಿದ್ದರು. ಹೋದ ವರ್ಷ ಅವರೂ ಹೋದರು. ಅಂತ್ಯಕ್ರಿಯೆಗೆಂದು ಸೇರಿದ ಫ್ಯೂನರಲ್ ಹೋಮಿನಲ್ಲಿ ಅಪ್ಪನ ಬಗ್ಗೆ ಎರಡು ಮಾತಾಡಲಿದ್ದ ಅವರ ಹಳೆಯ ಸಹೋದ್ಯೋಗಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಪ್ರೊಫೆಸರ್ ಬರೆದ ಪುಸ್ತಕದ ಹೆಸರೇನಮ್ಮ ಎಂದು ಕೇಳಿದರು. ಯಾವುದೂ ಇಲ್ಲ ಅಂಕಲ್, ಎಂದೆ. ಅವರು ಪಾಪ, ಎಲ್ಲರೆದುರು ನಿಂತು, "ಪ್ರೊಫೆಸರ್ ಒಳ್ಳೆಯ ಮನುಷ್ಯರಾಗಿದ್ದರು" ಎಂದಷ್ಟೇ ಹೇಳಿ ಮುಗಿಸಿದರು.