ಸ್ಟೆಲ್ಲಾ ಆಂಟಿ ಮತ್ತು ಹೂ ಬಿಡದ ಮಾವು

ಸ್ಟೆಲ್ಲಾ ಆಂಟಿ ಗಿಡಗಳಿಗೆ ಮೊದಲು ಬೈಗುಳ ಹಾಕಿ, ಆಮೇಲೆ ನೀರು ಹಾಕುತ್ತಿದ್ದರು. ಗುಲಾಬಿ ‘ಮೇಕಪ್ ರಾಣಿ’, ದಾಸವಾಳ ‘ಬಾಯಿಬಡುಕಿ’, ಕುಂಡದಿಂದ ಕುಂಡಕ್ಕೆ ಹಬ್ಬುವ ಪುದೀನ ‘ಕರೀದೆ ಬಂದ ನೆಂಟ’. ಹಲಸೂರಿನಲ್ಲಿ ಅವರ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ ನನಗೆ ಬೆಳಗಿನ ಅಲಾರಂ ಇದೇ.

ಸಂಕ್ರಾಂತಿ ಕಳೆದು ಚಳಿ ಸಡಿಲಾಗುವ ಹೊತ್ತಿಗೆ ಆಂಟಿ ಮಂಕಿ ಕ್ಯಾಪ್ ಹಾಕಿಕೊಂಡು, ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಫಿ ಹಿಡಿದು ಕೂತುಬಿಡುತ್ತಿದ್ದರು. ಬಿಸಿಲು ಸರಿದಂತೆ ಕುರ್ಚಿಯೂ ಸರಿಯುತ್ತಿತ್ತು. ಕಳೆ ಕೀಳುವುದಿಲ್ಲ, ಗೊಬ್ಬರ ಮುಟ್ಟುವುದಿಲ್ಲ.

“ವರ್ಷವೆಲ್ಲಾ ಇವಕ್ಕೆ ಆಯಾ ಕೆಲ್ಸ ಮಾಡಿದೀನಿ ಕಣ್ಣಾ. ಈ ಎರಡು ತಿಂಗಳು ಇವು ನನ್ನ ಎಂಟರ್‌ಟೇನ್ ಮಾಡ್ಲಿ.”

ಇದು ಶುದ್ಧ ಸೋಮಾರಿತನ ಎಂದು ನಾನು ವಾದಿಸಿದೆ.

“ಹೌದು. ನಿಂಗೆ ಬರಲ್ವಲ್ಲ, ಅದಕ್ಕೆ ಹೊಟ್ಟೆಕಿಚ್ಚು.”

ಆ ಸುಖಕ್ಕೊಂದು ಕಂಟಕವಿತ್ತು. ಆಂಟಿಯೇ ತಿಂದೆಸೆದ ವಾಟೆಯಿಂದ ಎದ್ದ ಮಾವಿನ ಮರ ಮನೆಯೆತ್ತರ ಬೆಳೆದರೂ ಒಂದು ಹೂವು ಬಿಟ್ಟಿರಲಿಲ್ಲ. ಅಂಗಳವೋ, ಒಂದು ಕಾರು ನಿಲ್ಲುವಷ್ಟು ಮಾತ್ರ. ದಿನವಿಡೀ ಕಿಟಕಿಯ ಹಿಂದೆ ಪೇಪರ್ ಓದುವ ಅವರ ಗಂಡ ಅರುಳ್ ಅಂಕಲ್‌ಗೆ ಅಲ್ಲಿ ತಮ್ಮ ಕಾರಿಗೆ ಶೆಡ್ ಬೇಕು. “ಈ ಸಲಾನೂ ಹೂ ಬಿಡದಿದ್ರೆ, ಈಸ್ಟರ್ ಆದ್ಮೇಲೆ ಪರ್ಮಿಷನ್ ತಗೊಂಡು ಕಡಿಸ್ತೀನಿ” ಎಂದು ಘೋಷಿಸಿಬಿಟ್ಟಿದ್ದರು.

ಒಂದು ಭಾನುವಾರ, ಚರ್ಚಿಗೆ ಉಟ್ಟಿದ್ದ ಸೀರೆಯಲ್ಲೇ ಮಚ್ಚು ಹಿಡಿದು ಆಂಟಿ ನನ್ನನ್ನು ಕೆಳಗೆ ಕರೆದರು. ಹೂ ಬಿಡದ ಮರವನ್ನು ಒಬ್ಬರು ಕಡಿಯುತ್ತೇನೆಂದು ಹೆದರಿಸಬೇಕು, ಇನ್ನೊಬ್ಬರು ಬೇಡವೆಂದು ಬಿಡಿಸಿಕೊಳ್ಳಬೇಕು. ಮರ ಹೆದರಿ ಹೂ ಬಿಡುತ್ತದೆ. ಇದು ಅವರಮ್ಮ ಕಲಿಸಿದ ಪದ್ಧತಿಯಂತೆ.

“ನೀನು ಮರದ ಕಡೆ. ಡಿಬೇಟಲ್ಲಿ ಕಪ್ ಗಿಪ್ ಹೊಡೆದಿದೀಯಲ್ಲ.”

“ಆಂಟಿ, ಮರಕ್ಕೆ ಕಿವಿ ಇಲ್ಲ.”

“ನಿನ್ನ ಜಡ್ಜ್‌ಗಳಿಗೆ ಇತ್ತಾ?”

ಮಚ್ಚಿನ ಹಿಂಬದಿಯಿಂದ ಕಾಂಡಕ್ಕೆ ಬಡಿದು, ಬೀದಿಗೆಲ್ಲ ಕೇಳುವಂತೆ ಕೂಗಿದರು: “ದಂಡಪಿಂಡ! ತಿಂದು ತಿಂದು ಬೆಳ್ದಿದೀಯ, ಇವತ್ತು ಮುಗೀತು ನಿನ್ನ ಕಥೆ!”

“ಪಾಪ, ಬಿಟ್ಬಿಡಿ,” ಅಂದೆ.

“ಇಷ್ಟೇನಾ? ಇಷ್ಟಕ್ಕೇ ಕಪ್ ಕೊಟ್ರಾ?”

ಕೆಣಕಿದ ಮೇಲೆ ಸುಮ್ಮನಿರುವ ಅಭ್ಯಾಸ ನನಗಿಲ್ಲ. “ಫಲ ಕೊಡದವರನ್ನೆಲ್ಲ ಕಡಿಯೋದಾದ್ರೆ ಅಂಕಲ್‌ನ ಯಾಕೆ ಉಳಿಸ್ಕೊಂಡಿದೀರಿ? ರಿಟೈರ್ ಆದಾಗಿಂದ ಅವರೇನು ಬಿಟ್ಟಿದಾರೆ? ಇದು ನೆರಳಾದ್ರೂ ಕೊಡತ್ತೆ, ಇದರ ಮೇಲೆ ಹಕ್ಕಿಯಾದ್ರೂ ಕೂರತ್ತೆ. ಅಂಕಲ್ ಮೇಲೆ ನೊಣಾನೂ ಕೂರಲ್ಲ!”

ಕಿಟಕಿಯೊಳಗೆ ಪೇಪರ್ ಮಡಚಿದ ಸದ್ದಾಯಿತು. ಆಂಟಿ ಮಚ್ಚು ಕೆಳಗಿಟ್ಟರು. “ಪಾಯಿಂಟ್ ಸರಿ ಇದೆ. ಇಬ್ರನ್ನೂ ಈ ವರ್ಷ ಬಿಟ್ಟಿದೀನಿ!”

ಫೆಬ್ರವರಿಯಲ್ಲಿ ಬೀದಿಯ ಮಾವುಗಳೆಲ್ಲ ಹೂವಾದವು. ನಮ್ಮದು ತಾಮ್ರದ ಬಣ್ಣದ ನಾಲ್ಕು ಚಿಗುರು ತೋರಿಸಿ, ಅಷ್ಟಕ್ಕೇ ಮೆರೆಯಿತು. “ನೋಡಿದ್ರಾ?” ಎಂದು ನಾನು ಮೀಸೆ ತಿರುವಿದೆ. ಕುರ್ಚಿಯಲ್ಲಿ ಕಾಲು ಚಾಚಿದ್ದ ಆಂಟಿ ಕಿಟಕಿಯ ಕಡೆ ಹುಬ್ಬು ಹಾರಿಸಿ, ದನಿ ತಗ್ಗಿಸಿದರು. “ಕೇಳ್ಬೇಕಾದೋರಿಗೆ ಕೇಳ್ತು ಕಣ್ಣಾ.” ಈಸ್ಟರ್ ಬಂತು, ಹೋಯಿತು. ಕಾರು ಬೀದಿಯಲ್ಲೇ ನಿಂತಿತ್ತು.

ಆಮೇಲೆ ಕೆಲಸ ಸಿಕ್ಕಿ ನಾನು ಕೆ.ಆರ್. ಪುರಕ್ಕೆ ಹೋದೆ. ಆ ಮಳೆಗಾಲದಲ್ಲಿ ಆಂಟಿ ತೀರಿಕೊಂಡರು.

ಈ ವರ್ಷ ಚಳಿ ಇಳಿಯುವಾಗ ಹಲಸೂರಿಗೆ ಹೋಗಿದ್ದೆ. ಗುಲಾಬಿ, ದಾಸವಾಳ ಎರಡೂ ಒಂದು ಬೈಗುಳವೂ ಇಲ್ಲದೆ ಚೆನ್ನಾಗಿಯೇ ಹೂ ಬಿಟ್ಟಿದ್ದವು. ತರ್ಕದ ಪ್ರಕಾರ ನಾನು ಗೆದ್ದಿದ್ದೆ. ಖುಷಿ ಮಾತ್ರ ಆಗಲಿಲ್ಲ. ಅಂಕಲ್ ಪೇಪರ್ ಇಲ್ಲದೆ ಅಂಗಳದಲ್ಲಿ ಕೂತಿದ್ದರು. ಮರದಲ್ಲಿ ಈ ಸಲವೂ ಬರೀ ಎಲೆ.

“ಶೆಡ್ ಯಾವಾಗ ಅಂಕಲ್?” ಎಂದೆ.

“ನನ್ನ ಯಾಕೆ ಉಳಿಸ್ಕೊಂಡಿದೀರಿ ಅಂತ ಅವಳನ್ನ ಕೇಳಿದ್ಯಲ್ಲ,” ಅಂದರು. “ಉತ್ತರ ಹುಡುಕ್ತಿದೀನಿ. ಸಿಕ್ಕಿದ ದಿನ ಕಡಿಸ್ತೀನಿ.”