ಮದರಂಗಿಯ ದಿನ ಹಿಂಬದಿಯಲ್ಲಿದ್ದ ಪಿಕಪ್

ಬೆಳ್ತಂಗಡಿ ಕಡೆಯಿಂದ ಬಂದು ಅಳದಂಗಡಿ ದಾಟಿದ ಮೇಲೆ ನಮ್ಮ ಊರಿನ ಸಮುದಾಯ ಭವನ ಸಿಗುತ್ತದೆ. ಅದರ ಪಕ್ಕದ ಮನೆ ನನ್ನದು. ಮೂಡುಬಿದಿರೆಯ ಒಂದು ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದು, ಹೊತ್ತುಹೊತ್ತಿಗೆ ಗಂಟೆ ಬಾರಿಸಿಯೇ ನಿವೃತ್ತಳಾದವಳು ನಾನು. ಹಾಗಾಗಿ ಭವನದ ಬೀಗದ ಕೈ ನನ್ನಲ್ಲಿರಲಿ ಎಂದು ಸಮಿತಿಯವರು ಒಮ್ಮತದಿಂದ ತೀರ್ಮಾನಿಸಿದರು. ಸಂಜೆ ದೇವರಿಗೆ ದೀಪ ಇಟ್ಟ ಮೇಲೆ ಗೇಟು ಹಾಕುತ್ತೇನೆ, ಬೆಳಿಗ್ಗೆ ಡಿಪೋಗೆ ಹಾಲು ಕೊಟ್ಟು ಬರುವಾಗ ತೆರೆಯುತ್ತೇನೆ.

ಕಳೆದ ಬೇಸಿಗೆಯ ಆರಂಭದಲ್ಲಿ ಅಡಿಕೆ ಸುಲಿಯಲು ಗಂಡ ಹೆಂಡತಿ ಇಬ್ಬರು ನಮ್ಮಲ್ಲಿಗೆ ಬಂದರು. ಸುಲಿಯುವ ಯಂತ್ರವನ್ನು ಪಿಕಪ್ಪಿನಲ್ಲಿಟ್ಟುಕೊಂಡು ಮನೆ ಮನೆಗೆ ಹೋಗುವವರು. ನೆರಿಯದ ಕಡೆಯವರು. ಬಾಡಿಗೆಗಿದ್ದ ಕೋಣೆ ರಸ್ತೆ ಅಗಲ ಮಾಡುವಾಗ ಹೋಗಿತ್ತು, ಇನ್ನೊಂದನ್ನು ಹುಡುಕುವುದರೊಳಗೆ ಸುಲಿಯುವ ಕಾಲ ಬಂದುಬಿಟ್ಟಿತ್ತು. ಬಂಟ್ವಾಳದ ಆಚೆಯಿಂದ ಹಿಡಿದು ಇಲ್ಲಿಯವರೆಗೆ ಕೆಲಸವಿದ್ದುದರಿಂದ ಪಿಕಪ್ಪನ್ನೇ ಮನೆ ಮಾಡಿಕೊಂಡಿದ್ದರು. ಒಂದು ಬದಿಗೆ ಯಂತ್ರ, ಒಂದು ಬದಿಗೆ ಚಾಪೆ, ಮೇಲೆ ಟಾರ್ಪಾಲು.

ಇದು ನನಗೆ ತಿಳಿದದ್ದು ನೀರು ಬೆಲ್ಲ ಕೊಡಲು ಹೋದಾಗ. ಗಂಡ ಚೊಂಬು ಖಾಲಿ ಮಾಡಿದ. ಹೆಂಡತಿ ಬೆಲ್ಲದ ತುಂಡು ಮಾತ್ರ ಬಾಯಿಗೆ ಹಾಕಿಕೊಂಡಳು.

“ನೀರು ಬೇಡವಾ? ಇಷ್ಟು ಸೆಕೆಯಲ್ಲಿ?”

“ಮಧ್ಯಾಹ್ನದ ಮೇಲೆ ಕುಡಿಯುವುದಿಲ್ಲ ಅಕ್ಕ. ಕುಡಿದರೆ ರಾತ್ರಿ ಎಲ್ಲಿಗೆ ಹೋಗುವುದು?”

ಆಮೇಲೆ ಒಂದೊಂದಾಗಿ ಹೇಳಿದಳು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಲು ಬಿಡುವುದಿಲ್ಲ. ಹೊಳೆ ಬದಿಯಲ್ಲಿ ನಿಲ್ಲಿಸಿದಾಗ ಕುಡಿದು ಬಂದವರು ಟಾರ್ಪಾಲು ಎತ್ತಿ ನೋಡಿದ್ದರು. ಅಂದಿನಿಂದ ಇಬ್ಬರೂ ಒಟ್ಟಿಗೆ ಮಲಗಿದ್ದಿಲ್ಲ. ಒಬ್ಬರು ಮಲಗಿದರೆ ಇನ್ನೊಬ್ಬರು ಕೂತಿರುವುದು.

ಹಾಸ್ಟೆಲಿನಲ್ಲಿ ಹೀಗೆ ನೀರು ಬಿಟ್ಟು ಜ್ವರ ಬರಿಸಿಕೊಂಡ ಹುಡುಗಿಯರನ್ನು ನಾನು ಸಾಕಷ್ಟು ನೋಡಿದ್ದೇನೆ. ಕೂಡಲೇ ಸಮಿತಿಯ ಕಾರ್ಯದರ್ಶಿಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ, ಆದರೆ ಊರಿನ ಬಾಯಿಗೆ ಹೆದರುವವರು.

“ಭವನ ಎಂತ ಅಕ್ಕ, ಲಾರಿ ಸ್ಟ್ಯಾಂಡಾ?”

“ಹಿಂಬದಿಯಲ್ಲಿ ಶೌಚಾಲಯ ಉಂಟು, ನಲ್ಲಿ ಉಂಟು, ಲೈಟು ಉಂಟು. ಇಡೀ ರಾತ್ರಿ ಆ ಲೈಟು ಉರಿಯುವುದು ಯಾರಿಗೆ, ಬಾವಲಿಗಳಿಗಾ?”

ಅವರು ನಕ್ಕರು. “ಆಯ್ತು, ನಿಲ್ಲಿಸಲಿ. ಆದರೆ ಕಾರ್ಯಕ್ರಮ ಇದ್ದ ದಿನ ಯಾರ ಕಣ್ಣಿಗೂ ಬೀಳಬಾರದು. ಒಂದು ದೂರು ಬಂದರೆ ಅಲ್ಲಿಗೆ ಮುಗೀತು, ಈಗಲೇ ಹೇಳ್ತೇನೆ.”

ನಾನೂ ನನ್ನ ನಿಯಮಗಳನ್ನು ಹೇಳಿದೆ. ಗೇಟು ಹಾಕುವ ಮೊದಲು ಒಳಗೆ ಬರಬೇಕು. ಅವಸರವಾದರೆ ಕೂಡಲೇ ಹೊರಡುವಂತೆ ಗಾಡಿಯ ಮೂತಿ ರಸ್ತೆಯ ಕಡೆಗಿರಬೇಕು. ಸೌದೆ ಒಲೆ ಹಚ್ಚಬಾರದು. ಶೌಚಾಲಯ ತೊಳೆದಿಡಬೇಕು. ಇಬ್ಬರೂ ಚಾಚೂ ತಪ್ಪದೆ ಪಾಲಿಸಿದರು. ಸುದ್ದಿ ತಿಳಿದು, ರಬ್ಬರ್ ಟ್ಯಾಪಿಂಗ್ ಮಾಡುವ ಒಬ್ಬ ತನ್ನ ಓಮ್ನಿ ವ್ಯಾನನ್ನೂ ತಂದು ನಿಲ್ಲಿಸತೊಡಗಿದ.

ಆಮೇಲೆ ಒಂದು ಮದರಂಗಿ ಬಂತು, ಮದುಮಗಳ ಕೈಗೆ ಮದರಂಗಿ ಇಟ್ಟು ನೆಂಟರಿಗೆ ಊಟ ಹಾಕುವ ಮದುವೆಯ ಮುನ್ನಾದಿನದ ಕಾರ್ಯಕ್ರಮ. ಮದುವೆ ಮರುದಿನ ಮೂಡುಬಿದಿರೆಯಲ್ಲಿ, ಮದರಂಗಿ ಮಾತ್ರ ನಮ್ಮ ಭವನದಲ್ಲಿ. ಅಂದು ನನಗೆ ಸಣ್ಣಗೆ ಮೈ ಬಿಸಿಯಿತ್ತು. ಹೋಗಿ ಮುಖ ತೋರಿಸಿ ಬೇಗ ಬಂದು ಮಲಗಿದೆ, ಹಿಂಬದಿಯ ಕಡೆ ನೋಡಿಕೊಳ್ಳಲು ಆಗಲಿಲ್ಲ. ದಂಪತಿ ಎಂದಿನಂತೆ ಹಿಂಬದಿಗೆ ಬಂದು, ನಲ್ಲಿಯಲ್ಲಿ ಮೈಯ ಧೂಳು ತೊಳೆದು, ಬೇರೆ ಬಟ್ಟೆ ಹಾಕಿಕೊಂಡಿದ್ದಾರೆ. ಅಷ್ಟರಲ್ಲಿ ಮದುಮಗಳ ದೊಡ್ಡಮ್ಮ ಅಡಿಗೆಯವರನ್ನು ಗದರಿಸಲು ಅಲ್ಲಿಗೆ ಬಂದಿದ್ದಾರೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ಕಾರ್ಯಕ್ರಮಕ್ಕೆ ಬಂದವರನ್ನು ‘ನೀವು ಯಾರು’ ಎಂದು ಕೇಳುವಂತಿಲ್ಲ. ಕೇಳಿದರೆ, ಹತ್ತಿರದ ಸಂಬಂಧಿಕರ ಗುರುತೇ ಇಲ್ಲದವಳು ಎಂಬ ಅಪವಾದ ಬರುತ್ತದೆ. ‘ಯಾವಾಗ ಬಂದದ್ದು’ ಎಂದು ಕೇಳಬೇಕು. ದೊಡ್ಡಮ್ಮ ಹಾಗೆಯೇ ಕೇಳಿದರು.

“ಯಾವಾಗ ಬಂದದ್ದು? ಊಟ ಆಗ್ಲಿಲ್ವಾ?”

“ಇಲ್ಲ ಅಕ್ಕ, ನಾವು...”

“ಎಂತ ನಾವು, ನೀವು? ಮೊದಲು ಕೂತ್ಕೊಳ್ಳಿ, ಕೋಳಿ ತಣಿದು ಹೋಗ್ತದೆ.”

ಕೈ ಹಿಡಿದು ಕರೆದುಕೊಂಡು ಹೋಗಿ ಪಂಕ್ತಿಯಲ್ಲಿ ಕೂರಿಸಿ ತಾವೇ ಬಡಿಸಿದರು. ಮದುಮಗಳ ತಂದೆಯ ಕಡೆಯವರು ಇವರನ್ನು ತಾಯಿಯ ಕಡೆಯವರೆಂದು ತಿಳಿದರು. ತಾಯಿಯ ಕಡೆಯವರು ತಂದೆಯ ಕಡೆಯವರೆಂದು ತಿಳಿದರು. ಉಂಡೆದ್ದ ಮೇಲೆ ಯಾರೋ ಅವಳ ಎರಡೂ ಕೈಗೆ ಮದರಂಗಿ ಇಟ್ಟರು, ಎಲ್ಲರ ಜೊತೆ ನಿಲ್ಲಿಸಿ ಫೋಟೋವನ್ನೂ ತೆಗೆದರು.

ಬೆಳಿಗ್ಗೆ ಅವಳ ಕೆಂಪು ಅಂಗೈ ನೋಡಿ ಇದೆಂತ ಎಂದು ಕೇಳಿದೆ.

“ಎದ್ದು ಹೇಳುವ ಅಂತ ಎರಡು ಸಲ ನೋಡಿದೆ ಅಕ್ಕ. ಎಲೆಗೆ ಬೀಳ್ತಾನೇ ಇತ್ತು. ಅಷ್ಟು ಜನರ ಎದುರು ಅವರಿಗೆ ನಾಚಿಕೆ ಆಗ್ಬಾರ್ದು ಅಲ್ವಾ?”

“ಸುಳ್ಳು,” ಎಂದ ಗಂಡ. “ಕೋಳಿ ಸುಕ್ಕ ಇನ್ನೊಮ್ಮೆ ಕೇಳಿ ಹಾಕಿಸಿಕೊಂಡದ್ದು ಇವಳೇ.”

ನಗು ಬಂದರೂ ನನಗೆ ಹೆದರಿಕೆಯಿತ್ತು. ಮದುವೆ ಮುಗಿದು ಫೋಟೋಗಳು ಮೊಬೈಲಿನಿಂದ ಮೊಬೈಲಿಗೆ ಹೋಗುವಾಗ ಇವರಿಬ್ಬರು ಯಾರು ಎಂಬ ಪ್ರಶ್ನೆ ಎದ್ದೇ ಎದ್ದಿತು. ಎರಡೂ ಕಡೆಯವರಿಗೂ ಗೊತ್ತಿಲ್ಲ. ಕೇಳುತ್ತ ಕೇಳುತ್ತ ವಿಷಯ ಕಾರ್ಯದರ್ಶಿಯ ಕಿವಿಗೆ ಬಿತ್ತು. ಒಂದು ಸಂಜೆ ಅವರು ಬೈಕಿನಿಂದ ಇಳಿಯುವ ಮೊದಲೇ ಶುರು ಮಾಡಿದರು.

“ಬಂತಲ್ಲ ಅಕ್ಕ ದೂರು! ಕರೆಯದೆ ಹೋಗಿ ಉಂಡಿದ್ದಾರೆ. ಇನ್ನು ಆಗುವುದಿಲ್ಲ. ಇವತ್ತೇ ಹೊರಡಲಿ.”

ಹೆಂಡತಿ ಒಗೆದು ಹಾಕಿದ್ದ ಬಟ್ಟೆಗಳನ್ನು ಹಗ್ಗದಿಂದ ತೆಗೆಯತೊಡಗಿದಳು. ಗಂಡ ಇನ್ನು ಯಾವ ಕಡೆಗೆ ಎಂದು ರಸ್ತೆಯ ಎರಡೂ ಬದಿ ನೋಡಿದ. ಮದರಂಗಿಯ ದಿನ ಭವನದಲ್ಲಿ ಉಳಿದಿದ್ದ ಪಾತ್ರೆ ಒಯ್ಯಲು ಆ ದೊಡ್ಡಮ್ಮ ರಿಕ್ಷಾದಲ್ಲಿ ಬಂದಿಳಿದದ್ದು ಅದೇ ಹೊತ್ತಿಗೆ. ನಡೆದದ್ದನ್ನು ನಾನು ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ಸೊಂಟಕ್ಕೆ ಕೈ ಇಟ್ಟು ಕಾರ್ಯದರ್ಶಿಯ ಎದುರು ನಿಂತರು.

“ದೂರು ಕೊಟ್ಟದ್ದು ಯಾರು?”

“ನಿಮ್ಮ ಮನೆಯವರೇ ಅಕ್ಕ. ಯಾರು ಅಂತ ಕೇಳಿದ್ದಾರೆ.”

“ಕೇಳಿದ್ದು ದೂರು ಆಗ್ತದಾ? ನಾನು ಕೈ ಹಿಡಿದು ಕೂರಿಸಿದ್ದು, ನಾನೇ ಬಡಿಸಿದ್ದು. ಈಗ ನೀವು ಇವರನ್ನು ಹೊರಗೆ ಹಾಕಿದರೆ ಎಂತ ಅರ್ಥ? ನಾನು ದಾರಿ ತಪ್ಪಿ ಬಂದವರಿಗೆ ಬಡಿಸಿದೆ ಅಂತ ಊರಿಡೀ ಹೇಳಿದ ಹಾಗೆ. ನನ್ನ ಮರ್ಯಾದೆ ನೀವು ತಂದು ಕೊಡ್ತೀರಾ?”

“ಆದರೆ ಅವರು ನಿಮ್ಮ ಸಂಬಂಧದವರಲ್ಲ ಅಲ್ವಾ?”

“ಈಗ ಆದರು. ಫೋಟೋದಲ್ಲಿ ಉಂಟಲ್ಲ ಮಾರಾಯ್ರೆ!”

ಕಾರ್ಯದರ್ಶಿ ಕುತ್ತಿಗೆ ತುರಿಸಿಕೊಂಡರು. ಊರಿನ ಬಾಯಿಗೆ ಹೆದರುವವರಿಗೆ ಊರಿನ ಬಾಯಿಯೇ ಎದುರು ಬಂದು ನಿಂತಿತ್ತು. ಕೊನೆಗೆ, “ಸರಿ, ಮಳೆಗಾಲ ಮುಗಿಯುವ ತನಕ ಇರಲಿ. ಸಮಿತಿಗೆ ನಾನು ಹೇಳ್ತೇನೆ. ಮುಂದಿನ ಮದರಂಗಿಗೆ ಮಾತ್ರ...” ಎಂದರು.

“ಕರೆದರೆ ಹೋಗ್ತಾರೆ. ನಿಮಗೆ ಎಂತ?” ಎಂದು ದೊಡ್ಡಮ್ಮ ಪಾತ್ರೆ ರಿಕ್ಷಾಕ್ಕೆ ಹಾಕಿಸಿದರು. ಹೆಂಡತಿ ಬಟ್ಟೆಗಳನ್ನು ಮತ್ತೆ ಹಗ್ಗಕ್ಕೆ ಹಾಕಿದಳು.

ಮರುದಿನ ಬೆಳಿಗ್ಗೆ ಗೇಟು ತೆರೆದು ಹಿಂಬದಿಗೆ ಹೋದೆ. ಓಮ್ನಿ ಆಗಲೇ ಕೆಲಸಕ್ಕೆ ಹೊರಟು ನಿಂತಿತ್ತು. ಬೇರೆ ದಿನ ನಾನು ಬರುವಾಗ ಇಬ್ಬರಲ್ಲಿ ಒಬ್ಬರು ಎದ್ದು ಕೂತೇ ಇರುತ್ತಿದ್ದರು, ಅಂದು ಪಿಕಪ್ಪಿನಲ್ಲಿ ಸದ್ದೇ ಇಲ್ಲ. ಆ ದಿನ ಅಳದಂಗಡಿಯ ಒಂದು ಮನೆಗೆ ಬರುತ್ತೇವೆಂದು ಮಾತು ಕೊಟ್ಟಿದ್ದರು. ಬಿಸಿಲು ಭವನದ ಗೋಡೆ ಇಳಿದು ಟಾರ್ಪಾಲಿನವರೆಗೆ ಬಂದಿತ್ತು. ಕೊಟ್ಟ ಮಾತಿಗೆ ತಪ್ಪಬಾರದಲ್ಲ, ಗಟ್ಟಿಯಾಗಿ ಕರೆದೆ.

“ಏಳಿ ಮಾರಾಯ್ತಿ! ಅಡಿಕೆಯವರು ಕಾಯ್ತಾ ಇದ್ದಾರೆ!”

ಅವಳು ಟಾರ್ಪಾಲು ಸರಿಸಿ, ಕೆದರಿದ ಕೂದಲಲ್ಲೇ ತಲೆ ಹೊರಗೆ ಹಾಕಿ ಕಣ್ಣು ಉಜ್ಜಿಕೊಂಡಳು.

“ಬೆಳಗಾಯ್ತಾ ಅಕ್ಕ? ಗೊತ್ತೇ ಆಗ್ಲಿಲ್ಲ. ಇವರನ್ನು ನೀವೇ ಎಬ್ಬಿಸಿ, ನಾನು ಕರೆದರೆ ಏಳುವುದಿಲ್ಲ.”